ಒಂದೇ ಮಾತ್ರೆ, ಎರಡು ಬೆಳಗು

ನನ್ನ ಅತ್ತಿಗೆ ಬಸ್ ಓಡಿಸುತ್ತಿದ್ದಳು. ಡಿಪೋದಲ್ಲಿ ಎಲ್ಲರೂ ಅವಳನ್ನು ಗೇರಕ್ಕ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೆಕ್ಯಾನಿಕ್ ಒಬ್ಬ ಗೇಲಿಗೆಂದು ಇಟ್ಟ ಹೆಸರು ಅದು. ಒಂದು ದಿನ ಹಳೆಯ ಬಸ್ಸೊಂದರ ಗೇರು ಅವನ ಕೈಗೂ ಜಗ್ಗದೆ ಹಟ ಹಿಡಿದು ನಿಂತಾಗ ಇವಳು ಹತ್ತಿ ಕೂತು, ಕ್ಲಚ್ ಒತ್ತಿ, ಮಗುವಿನ ಕೆನ್ನೆ ಹಿಂಡಿದಷ್ಟು ಮೆತ್ತಗೆ ಗೇರು ಹಾಕಿ ಬಸ್ಸನ್ನು ಅಂಗಳದಿಂದ ಹೊರಗೆ ತಂದಳಂತೆ. ಅವತ್ತಿಗೆ ಗೇಲಿ ಹೋಯಿತು, ಹೆಸರು ಉಳಿಯಿತು.

ನಾನು ಅವಳ ಗಂಡನ ತಂಗಿ. ಅವರಿದ್ದ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಮಷೀನು, ನನ್ನ ಮಂಚ, ನನ್ನ ಸಂಸಾರ ಎಲ್ಲ. ಅತ್ತಿಗೆ ನಾದಿನಿ ಒಂದೇ ಸೂರಿನಡಿ ಇದ್ದರೆ ಪಾತ್ರೆಗಳು ಹಾರಾಡುತ್ತವೆ ಎಂದು ಜನ ಕಾದಿದ್ದದ್ದೇ ಬಂತು. ನಾವಿಬ್ಬರೂ ಜಗಳ ಆಡಿದ್ದು ಒಂದೇ ವಿಷಯಕ್ಕೆ, ರೇಡಿಯೊ ಎಷ್ಟು ಜೋರಾಗಿರಬೇಕು ಎನ್ನುವುದಕ್ಕೆ. ಅವಳಿಗೆ ಇಡೀ ದಿನ ಎಂಜಿನ್ ಸದ್ದು ಕೇಳಿ ಕೇಳಿ ಕಿವಿ ಮಂದವಾಗಿತ್ತು. ನನಗೆ ಅದರ ಕಿರುಚಾಟಕ್ಕೆ ಸೂಜಿ ಬೆರಳಿಗೆ ಚುಚ್ಚುತ್ತಿತ್ತು.

ಡ್ರೈವರ್ ಸೀಟು ಅವಳ ಅಳತೆಯದಾಗಿರಲಿಲ್ಲ. ಪೂರ್ತಿ ಮುಂದಕ್ಕೆ ಎಳೆದರೂ ಬ್ರೇಕಿನ ಮೇಲೆ ಹೆಬ್ಬೆರಳಷ್ಟೇ ಊರುತ್ತಿತ್ತು. ಬೆಲ್ಟು ಎದೆಯ ಮೇಲೆ ಕೂರುವ ಬದಲು ಕುತ್ತಿಗೆಯನ್ನು ಗೀಚುತ್ತಿತ್ತು. ನಾನು ದಪ್ಪ ಬಟ್ಟೆ, ಹತ್ತಿ ತುಂಬಿ ಅವಳ ಬೆನ್ನಿಗೊಂದು ದಿಂಬು ಹೊಲಿದುಕೊಟ್ಟಿದ್ದೆ.

"ಈ ಬಸ್ಸನ್ನ ಮಾಡಿದವನು ತನ್ನ ಅಣ್ಣತಮ್ಮಂದಿರನ್ನ ಮಾತ್ರ ಕೂರಿಸಿ ನೋಡಿದ್ದ ಅನ್ಸುತ್ತೆ," ಎಂದು ನಗುತ್ತಿದ್ದಳು. "ಅವನಿಗೆ ಒಬ್ಬ ಅಕ್ಕ ಇದ್ದಿದ್ರೆ ನನ್ನ ಸೊಂಟ ಉಳೀತಿತ್ತು."

ಆಗ ಅದು ಬರೀ ನಗುವ ಮಾತಾಗಿತ್ತು.

ಐವತ್ತರ ಹತ್ತಿರ ಬಂದಾಗ ಅವಳ ಮುಟ್ಟು ಹಿಂದುಮುಂದಾಗತೊಡಗಿತು. ಜೊತೆಗೆ ನಿದ್ದೆಯೂ ಹೋಯಿತು. ಮೈಯೊಳಗೆ ಯಾರೋ ಒಲೆ ಹಚ್ಚಿದ ಹಾಗೆ ಆಗುತ್ತದೆ, ಹೊದ್ದದ್ದನ್ನು ಕಿತ್ತೆಸೆದರೆ ಚಳಿ, ಹೊದ್ದರೆ ಬೆವರು ಎನ್ನುತ್ತಿದ್ದಳು. ಬೆಳಗಿನ ಮೊದಲ ಬಸ್ಸು ಅವಳದ್ದು. ನಿದ್ದೆಯಿಲ್ಲದ ಕಣ್ಣಿನಲ್ಲಿ ಊರಿನ ಅರ್ಧ ಜನರನ್ನು ಕೂರಿಸಿಕೊಂಡು ಹೋಗುವುದು ಅವಳಿಗೆ ಭಯವಾಗಿತ್ತು. ಭಯವಿದ್ದದ್ದಕ್ಕೇ ಅವಳು ಡಾಕ್ಟರ ಬಳಿಗೆ ಹೋದದ್ದು. ಈ ಮಾತನ್ನು ಆಮೇಲೆ ಎಷ್ಟು ಜನರಿಗೆ ಎಷ್ಟು ಸಲ ಹೇಳಬೇಕಾಯಿತೋ.

ನನ್ನ ಅಣ್ಣ ಬಾಟಲಿ ಮಾಡುವ ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಪಾಳಿಯಲ್ಲಿ ದುಡಿಯುತ್ತಿದ್ದ. ಪಾಳಿ ಬದಲಾದಾಗಲೆಲ್ಲ ನಿದ್ದೆ ಕೆಡುತ್ತಿತ್ತು ಎಂದು ಅವನು ಆಗಲೇ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದ. ನುಂಗಿದರೆ ಕಲ್ಲಿನ ಹಾಗೆ ನಿದ್ದೆ, ಎದ್ದರೆ ಹೂವಿನ ಹಾಗೆ ಹಗುರ. ಡಿಪೋದ ಡಾಕ್ಟರು ಅತ್ತಿಗೆಗೂ ಅದನ್ನೇ ಬರೆದುಕೊಟ್ಟರು. ಅದೇ ಬಿಳಿ ಮಾತ್ರೆ, ಅದೇ ಪ್ರಮಾಣ.

"ಮದುವೇಲಿ ಒಂದೇ ತಟ್ಟೇಲಿ ಉಣ್ಣಿಸಿದ್ರು," ಎಂದಳು ಅತ್ತಿಗೆ. "ಈಗ ಒಂದೇ ಪಟ್ಟಿಯಿಂದ ಮಾತ್ರೆ ನುಂಗೋ ಕಾಲ ಬಂತು ನೋಡು."

ಮೊದಲ ಕೆಲವು ವಾರ ಮನೆಯಲ್ಲಿ ನೆಮ್ಮದಿ ಇತ್ತು. ಅವಳು ನಿದ್ದೆ ಮಾಡುತ್ತಿದ್ದಳು. ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಆಮೇಲೆ ಸಣ್ಣಪುಟ್ಟ ವಿಚಿತ್ರಗಳು ಶುರುವಾದವು. ಒಂದು ಬೆಳಿಗ್ಗೆ ಅವಳು ಹೊರಟ ಮೇಲೆ ಚಹಾದ ಲೋಟ ಚಪ್ಪಲಿ ಗೂಡಿನಲ್ಲಿ ಸಿಕ್ಕಿತು, ಅರ್ಧ ಕುಡಿದದ್ದು, ಇನ್ನೂ ಬೆಚ್ಚಗಿತ್ತು. ಇನ್ನೊಂದು ದಿನ ಯೂನಿಫಾರ್ಮ್ ಅಂಗಿಯನ್ನು ಒಳಹೊರಗಾಗಿ ತೊಟ್ಟು ಗುಂಡಿ ಹಾಕಿಕೊಂಡಿದ್ದಳು. ಒಳಹೊರಗಾದ ಅಂಗಿಗೆ ಗುಂಡಿ ಹಾಕುವುದು ಸುಲಭದ ಕೆಲಸವಲ್ಲ, ಹೊಲಿಯುವವಳಾದ ನನಗೆ ಗೊತ್ತು. ನಾನು ತೋರಿಸಿದಾಗ ಕೆಳಗೆ ನೋಡಿಕೊಂಡಳು. ನಗಲಿಲ್ಲ.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು ಸೀದಾ ನನ್ನ ಕೋಣೆಗೆ ಬಂದು ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಬೀಗದ ಕೈಗಳನ್ನು ಕೈಯಲ್ಲೇ ಹಿಡಿದಿದ್ದಳು.

"ಒಂದು ಮಾತು ಹೇಳ್ತೀನಿ, ನಿಮ್ಮಣ್ಣನ ಹತ್ರ ಬೇಡ," ಎಂದಳು. "ಇವತ್ತು ಸೇತುವೆ ದಾಟಿದ್ದು ನಂಗೆ ನೆನಪಿಲ್ಲ."

"ಎಷ್ಟು ವರ್ಷದಿಂದ ದಾಟ್ತಾ ಇದ್ದೀಯ. ದಿನಾ ದಾಟೋದನ್ನ ಯಾರು ನೆನಪಿಟ್ಕೋತಾರೆ?"

"ಹಾಗಲ್ಲ. ಸೇತುವೆಗಿಂತ ಮುಂಚಿನ ಸ್ಟಾಪಲ್ಲಿ ಒಬ್ಳು ಮುದುಕಿ ಹತ್ತಿದ್ದು ನೆನಪಿದೆ. ಆಮೇಲೆ ನೋಡಿದ್ರೆ ಬಸ್ಸು ಮಾರ್ಕೆಟ್ ಹತ್ರ ಇದೆ, ಆ ಮುದುಕಿ ಇಳಿದುಹೋಗಿದ್ದಾಳೆ. ನಡುವೆ ಮೂರು ಸ್ಟಾಪಿದೆ. ನಾನು ನಿಲ್ಸಿದ್ದೀನಿ, ಬಾಗಿಲು ತೆಗ್ದಿದ್ದೀನಿ, ಹಾಕಿದ್ದೀನಿ. ಯಾರೂ ಬೈದಿಲ್ಲ. ಆದ್ರೆ ಆ ಹೊತ್ತಲ್ಲಿ ನಾನು ಅಲ್ಲಿರ್ಲಿಲ್ಲ."

ನನ್ನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಅವಳು ಭಯ ಬಿದ್ದು ಮಾತಾಡುವ ಹೆಂಗಸಲ್ಲ. ಅವತ್ತು ಭಯ ಬಿದ್ದಿದ್ದಳು.

ಮರುದಿನವೇ ನಾವಿಬ್ಬರೂ ಡಿಪೋದ ಡಾಕ್ಟರಲ್ಲಿಗೆ ಹೋದೆವು. ಕೋಣೆಯ ತುಂಬ ಜನ, ಗೋಡೆಯ ಮೇಲೆ ನಗುವ ಸಂಸಾರದ ಚಿತ್ರ. ಡಾಕ್ಟರು ಒಳ್ಳೆಯವರೇ. ನಾಲಿಗೆ ನೋಡಿದರು, ನಾಡಿ ಹಿಡಿದರು, ಮಕ್ಕಳಿಲ್ಲವೇ ಎಂದು ಕೇಳಿದರು, ಇಲ್ಲ ಎಂದಾಗ ಅದೇ ಕಾರಣ ಎನ್ನುವ ಹಾಗೆ ತಲೆಯಾಡಿಸಿದರು.

"ಈ ವಯಸ್ಸಲ್ಲಿ ಹೆಂಗಸರಿಗೆ ಮರೆವು, ಮನಸ್ಸಿಗೆ ಕಳವಳ, ಇವೆಲ್ಲ ಇದ್ದದ್ದೇ ಅಮ್ಮ. ಟಾನಿಕ್ ಬರ್ಕೊಡ್ತೀನಿ."

"ಈ ನಿದ್ದೆ ಮಾತ್ರೆಯಿಂದ ಏನಾದ್ರೂ…"

"ಅದು ಬೆಳಗಾಗೋ ಹೊತ್ತಿಗೆ ಮೈಯಿಂದ ಹೋಗಿರುತ್ತೆ. ನಿಮ್ಮ ಯಜಮಾನ್ರು ತಗೊಳ್ತಿಲ್ವಾ? ಅವರಿಗೇನಾದ್ರೂ ಆಗಿದ್ಯಾ?"

"ಇಲ್ಲ."

"ಮತ್ತೆ? ನಿದ್ದೆ ಸಾಲದ್ದಕ್ಕೆ ಹೀಗಾಗ್ತಿದೆ. ಮಾತ್ರೆ ಮಾತ್ರ ತಪ್ಪಿಸಬೇಡಿ."

ಅವಳು ತಪ್ಪಿಸಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಅವಳ ಸ್ವಭಾವ.

ಬೇಸಿಗೆಯ ಒಂದು ಬೆಳಿಗ್ಗೆ, ರಸ್ತೆ ಒಣಗಿದ್ದು, ಬೆಳಕು ಚೆನ್ನಾಗಿದ್ದು, ಎದುರಿಗೆ ಒಂದೂ ವಾಹನವಿಲ್ಲದ ಹೊತ್ತಿನಲ್ಲಿ, ಅವಳ ಬಸ್ಸು ಮಾರ್ಕೆಟ್ಟಿನ ತಿರುವಿನಲ್ಲಿ ತಿರುಗದೆ ನೆಟ್ಟಗೆ ಫುಟ್‌ಪಾತ್ ಹತ್ತಿತು. ಬ್ರೇಕಿನ ಗುರುತು ರಸ್ತೆಯ ಮೇಲೆ ಇರಲೇ ಇಲ್ಲ ಎಂದು ಆಮೇಲೆ ಹೇಳಿದರು. ಅಲ್ಲಿ ಬೀಗದ ಕೈ ಮಾಡಿಕೊಡುವವನೊಬ್ಬ ಆಗಷ್ಟೇ ತನ್ನ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿದ್ದ. ಬೆನ್ನು ರಸ್ತೆಗಿತ್ತು. ಬಸ್ಸು ಅವನನ್ನೂ ಅವನ ಹಿಂದಿನ ಗೋಡೆಯನ್ನೂ ಒತ್ತಿಕೊಂಡು ನಿಂತಿತು.

ಬಸ್ಸಿನೊಳಗಿನವರಿಗೆ ತರಚು ಗಾಯವಷ್ಟೇ. ಮುಂದಿನ ಸೀಟಿನಲ್ಲಿದ್ದವನು ಪೊಲೀಸರಿಗೆ ಹೇಳಿದ್ದು ಹೀಗೆ: "ಅವಳು ಕಣ್ಣು ಮುಚ್ಚಿರ್ಲಿಲ್ಲ. ನೆಟ್ಟಗೆ ನೋಡ್ತಾನೇ ಇದ್ಳು. ನಾನು ಕೂಗಿದೆ. ಅವಳಿಗೆ ಕೇಳಿಸ್ಲಿಲ್ಲ."

ಬೀಗದವನು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ.

ಅತ್ತಿಗೆಯನ್ನೂ ಆಸ್ಪತ್ರೆಗೆ ಒಯ್ದರು. ಹಣೆಗೆ ಹೊಲಿಗೆ ಹಾಕಿ, ಪದ್ಧತಿಯಂತೆ ರಕ್ತ ತೆಗೆದರು. ಕುಡಿದಿರಲಿಲ್ಲ. ಆದರೆ ರಕ್ತದಲ್ಲಿ ನಿದ್ದೆಯ ಮಾತ್ರೆ ಇತ್ತು, ಈಗ ತಾನೇ ನುಂಗಿದ ಹಾಗೆ.

ವಿಚಾರಣೆಯ ಅಧಿಕಾರಿ ದನಿ ಏರಿಸುವ ಮನುಷ್ಯನಲ್ಲ. ಅಷ್ಟು ಮೆತ್ತಗೆ ಮಾತಾಡುತ್ತಿದ್ದುದರಿಂದಲೇ ನನಗೆ ಹೆದರಿಕೆಯಾಯಿತು.

"ಹಿಂದಿನ ದಿನ ಮಲಗೋವಾಗ ನುಂಗಿದ್ದು ಇಷ್ಟೊತ್ತಿನವರೆಗೂ ಇಷ್ಟು ಉಳಿಯಲ್ಲ ಅಂತ ಮಾತ್ರೆ ಮಾಡೋರೇ ಹೇಳ್ತಾರೆ," ಎಂದರು. "ಬೆಳಿಗ್ಗೆ ಎದ್ದ ಮೇಲೆ ಇನ್ನೊಂದು ನುಂಗಿದ್ದೀರಿ. ಅಭ್ಯಾಸ ಆಗಿರುತ್ತೆ, ಬಿಡೋಕಾಗಿರಲ್ಲ. ಹೇಳ್ಬಿಟ್ರೆ ನಿಮಗೇ ಒಳ್ಳೇದು."

"ನಾನು ನುಂಗಿಲ್ಲ ಸಾರ್."

ಅಣ್ಣ ಪಕ್ಕದಲ್ಲೇ ನಿಂತಿದ್ದ. ಅವನು ಹೆಂಡತಿಯ ಮೇಲೆ ಪ್ರಾಣ ಇಟ್ಟವನು. ತಟ್ಟನೆ ಮುಂದೆ ಬಂದು ಅಂಗಿಯ ತೋಳು ಮಡಿಸಿದ.

"ನನ್ನ ರಕ್ತಾನೂ ತಗೊಳ್ಳಿ. ನಾನೂ ಅದೇ ಮಾತ್ರೆ ತಗೊಳ್ಳೋದು, ಅವಳ ಜೊತೇಲೇ, ಅದೇ ಹೊತ್ತಿಗೆ. ನನ್ನಲ್ಲೂ ಅಷ್ಟೇ ಸಿಗುತ್ತೆ. ಆಗ ಗೊತ್ತಾಗುತ್ತೆ ನಿಮಗೆ."

ಮರುದಿನ ಬೆಳಿಗ್ಗೆ, ಅವಳದನ್ನು ತೆಗೆದ ಹೊತ್ತಿಗೇ, ತೆಗೆದುಕೊಂಡರು. ಅವನ ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ.

ಹೆಂಡತಿಯನ್ನು ಉಳಿಸಲು ಚಾಚಿದ ಕೈಯೇ ಅವಳನ್ನು ಮುಳುಗಿಸಿತು. ಒಂದೇ ಮಾತ್ರೆ, ಒಂದೇ ಹೊತ್ತು, ಗಂಡ ಚೊಕ್ಕವಾಗಿದ್ದಾನೆ ಎಂದಮೇಲೆ ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ. ಡಿಪೋದಲ್ಲಿ, ಬೀದಿಯಲ್ಲಿ, ನನ್ನ ಬಳಿ ಬಟ್ಟೆ ಹೊಲಿಸುವವರ ಬಾಯಲ್ಲಿ ಅದೇ ಮಾತಾಯಿತು. ಗೇರಕ್ಕ ಮಾತ್ರೆ ನುಂಗಿ ಬಸ್ ಓಡಿಸುತ್ತಿದ್ದಳಂತೆ.

ವಿಚಾರಣೆ ಮುಗಿಯುವವರೆಗೆ ಊರು ಬಿಡಬಾರದು ಎಂದು ಹೇಳಿ ಮನೆಗೆ ಕಳಿಸಿದರು. ಮನೆಯಲ್ಲಿ ಮಾತು ನಿಂತುಹೋಯಿತು. ರೇಡಿಯೊ ಹಚ್ಚುವವರಿಲ್ಲ. ಅಣ್ಣ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದನ್ನು ನಾನು ಒಂದೆರಡು ಸಲ ಕಂಡೆ. ಇಬ್ಬರೂ ಒಂದೇ ಪಟ್ಟಿಯಿಂದ ಲೆಕ್ಕವಿಡದೆ ತೆಗೆದುಕೊಂಡದ್ದರಿಂದ ಅದು ಅವನಿಗೆ ಏನನ್ನೂ ಹೇಳಲಿಲ್ಲ. ಕೊನೆಗೆ ಒಂದು ಸಂಜೆ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿಯೇಬಿಟ್ಟ.

"ನನ್ನ ಹತ್ರ ಮುಚ್ಚಿಡಬೇಡ ಕಣೇ. ಬೆಳಿಗ್ಗೆ ಇನ್ನೊಂದು ನುಂಗಿದ್ಯಾ?"

ಅತ್ತಿಗೆ ಬಹಳ ಹೊತ್ತು ಅವನನ್ನೇ ನೋಡಿದಳು. ಅವಳು ಸಿಡಿಯುತ್ತಾಳೆ ಎಂದುಕೊಂಡೆ ನಾನು. ಸಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಗೊತ್ತಿಲ್ಲ ರೀ," ಎಂದಳು. "ನುಂಗಿದ್ರೂ ನುಂಗಿರ್ಬಹುದು. ಲೋಟ ಚಪ್ಪಲಿ ಗೂಡಲ್ಲಿ ಇಟ್ಟಿದ್ದೂ ನಂಗೆ ನೆನಪಿಲ್ಲ. ಸೇತುವೆ ದಾಟಿದ್ದೂ ನೆನಪಿಲ್ಲ. ಆ ಮನುಷ್ಯನನ್ನ ಕೊಂದಿದ್ದೂ ನೆನಪಿಲ್ಲ. ಇದೊಂದು ಮಾತ್ರ ನಾನು ಮಾಡಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವತ್ತಿನಿಂದ ಅವಳಿಗೆ ಅವಳ ಮೇಲೇ ನಂಬಿಕೆ ಹೋಯಿತು. ಒಲೆ ಹಚ್ಚಿದರೆ ಆರಿಸಿದೆನಾ ಎಂದು ನನ್ನನ್ನು ಕರೆದು ನೋಡಿಸುತ್ತಿದ್ದಳು. ಕತ್ತರಿಯನ್ನು ತನಗೆ ಕಾಣದ ಕಡೆ ಇಡು ಎಂದಳು. ತನ್ನೊಳಗೆ ಇನ್ನೊಬ್ಬಳಿದ್ದಾಳೆ, ತಾನು ಮಲಗಿದ ಮೇಲೆ ಅವಳು ಎದ್ದು ತನ್ನ ಬಟ್ಟೆ ತೊಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ ಎನ್ನುವ ಹಾಗೆ ಮಾತಾಡತೊಡಗಿದಳು. ಅಷ್ಟರಲ್ಲಿ ಮಾತ್ರೆಯನ್ನು ಪೊಲೀಸರು ಒಯ್ದಿದ್ದರು. ನಿದ್ದೆ ಹೇಗೂ ಇರಲಿಲ್ಲ. ಎರಡನೆಯ ಮಾತ್ರೆ ನುಂಗಿದ್ದೆ ಎಂದು ಒಪ್ಪಿ ಸಹಿ ಹಾಕಿಬಿಡುತ್ತೇನೆ, ಇದು ಮುಗಿದರೆ ಸಾಕು ಎಂದು ನಿರ್ಧಾರ ಮಾಡಿದಳು. ನಾನು ಅವಳ ಕೈ ಹಿಡಿದು ಒಂದು ವಾರ ತಡಿ ಎಂದು ಬೇಡಿಕೊಂಡೆ. ಆ ವಾರದಲ್ಲಿ ಏನಾಗುತ್ತದೆ ಎಂದು ನನಗೇನೂ ಗೊತ್ತಿರಲಿಲ್ಲ.

ಆ ವಾರದಲ್ಲೇ ಆಸ್ಪತ್ರೆಯಿಂದ ಫೋನು ಬಂತು. ರಕ್ತ ಪರೀಕ್ಷೆ ಮಾಡಿದ ಪ್ರಯೋಗಶಾಲೆಯ ಮುಖ್ಯಸ್ಥೆ, ಔಷಧಗಳು ಮೈಯೊಳಗೆ ಹೇಗೆ ಓಡಾಡುತ್ತವೆ ಎಂದು ಸಂಶೋಧನೆ ಮಾಡುವ ಡಾಕ್ಟರು ಅವರು. ಗಂಡನದೂ ಹೆಂಡತಿಯದೂ ಎರಡು ವರದಿ ಅವರ ಮೇಜಿನ ಮೇಲೆ ಸಹಿಗೆ ಬಂದಿದ್ದವು. ಪೊಲೀಸರು ಅವುಗಳಲ್ಲಿ ಸುಳ್ಳನ್ನು ಕಂಡಿದ್ದರು. ಇವರಿಗೆ ಬೇರೇನೋ ಕಂಡಿತ್ತು.

ನಾವು ಹೋದೆವು. ಡಾಕ್ಟರು ಗಿಡ್ಡಗೆ, ತೆಳ್ಳಗೆ, ತಲೆ ಪೂರ್ತಿ ನರೆತವರು. ಕುರ್ಚಿ ಎಳೆದು ಅತ್ತಿಗೆಯ ಎದುರೇ ಕೂತರು. "ನೀವು ಎರಡನೇ ಮಾತ್ರೆ ನುಂಗಿದ್ರಾ?" ಎಂದು ಕೇಳದೇ ಇದ್ದ ಮೊದಲ ಮನುಷ್ಯರು ಅವರು.

"ನಿಮ್ಮ ಮೈಯಲ್ಲಿ ಅದು ಕರಗೋದು ನಿಧಾನ ಇರ್ಬಹುದು," ಎಂದರು. "ಹೆಂಗಸರಲ್ಲಿ ಕೆಲವು ಔಷಧ ಹಾಗೆ ಆಗುತ್ತೆ. ಈ ಮಾತ್ರೆ ಹಾಗಾ ಅಂತ ನಂಗೆ ಗೊತ್ತಿಲ್ಲ. ಯಾಕಂದ್ರೆ ಯಾರೂ ನೋಡಿಲ್ಲ."

"ನೋಡಿಲ್ಲ ಅಂದ್ರೆ?"

"ಮೊದಲು ಇಲಿಗಳ ಮೇಲೆ ಪ್ರಯೋಗ ಮಾಡಿದ್ರು. ಬರೀ ಗಂಡಿಲಿ. ಆಮೇಲೆ ಮನುಷ್ಯರ ಮೇಲೆ. ಹುಡುಕಿ ನೋಡಿದೆ, ಪ್ರಮಾಣ ಗೊತ್ತು ಮಾಡಿದ್ದು ಹರೆಯದ ಗಂಡಸರ ಮೇಲೆ ಮಾತ್ರ. ಹೆಂಗಸರ ಮೈ ತಿಂಗಳಲ್ಲಿ ಹತ್ತು ಥರ ಬದಲಾಗುತ್ತೆ, ಅವರನ್ನ ಸೇರಿಸಿದ್ರೆ ಫಲಿತಾಂಶ ಗಲಿಬಿಲಿ ಆಗುತ್ತೆ ಅಂತ ಬಿಟ್ಟುಬಿಡ್ತಾರೆ. ಬಹಳ ಕಡೆ ಹಾಗೇ ನಡ್ಕೊಂಡು ಬಂದಿದೆ."

ಅತ್ತಿಗೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಬದಲಾಗುತ್ತೆ ಅಂತ ಗೊತ್ತಿತ್ತು ಅವರಿಗೆ."

"ಗೊತ್ತಿತ್ತು."

"ಗೊತ್ತಿದ್ದೂ ಬಿಟ್ರು. ಆಮೇಲೆ ನಮಗೇ ಮಾರಿದ್ರು."

ಡಾಕ್ಟರು ಫೋನು ಕೈಗೆತ್ತಿಕೊಂಡರು.

ವಿಚಾರಣೆಯ ಅಧಿಕಾರಿಯಿಂದ ಒಪ್ಪಿಗೆ ಪಡೆದು ಅವರು ಒಂದು ಪರೀಕ್ಷೆ ಏರ್ಪಡಿಸಿದರು. ಅಣ್ಣ ಮತ್ತು ಅತ್ತಿಗೆ ಆಸ್ಪತ್ರೆಯ ಎರಡು ಕೋಣೆಗಳಲ್ಲಿ ಮಲಗಬೇಕು. ನರ್ಸ್ ಎದುರಿಗೇ ಒಂದೊಂದು ಮಾತ್ರೆ. ಬಾಗಿಲ ಬಳಿ ಕಾವಲು. ಬೆಳಿಗ್ಗೆ ಎದ್ದ ಮೇಲೆ ರಕ್ತ.

ಬೆಳಿಗ್ಗೆ ನಾನು ಹೋದಾಗ ಅವಳು ಮುಖ ತೊಳೆದು ಮಂಚದ ಮೇಲೆ ಕೂತಿದ್ದಳು. ಚೆನ್ನಾಗಿಯೇ ಕಂಡಳು. ಬಾ ಎಂದಳು, ತಿಂಡಿ ಆಯ್ತಾ ಎಂದು ಕೇಳಿದಳು. ರಕ್ತ ತೆಗೆದ ಮೇಲೆ ಅವಳನ್ನು ಒಂದು ಮೇಜಿನ ಮುಂದೆ ಕೂರಿಸಿದರು. ಮುಂದೆ ಒಂದು ಸಣ್ಣ ದೀಪ, ಕೈಕೆಳಗೆ ಒಂದು ಗುಂಡಿ. ದೀಪ ಹತ್ತಿದಾಗಲೆಲ್ಲ ಒತ್ತಬೇಕು, ಅಷ್ಟೆ. ನಾನು ಗಾಜಿನ ಈಚೆ ನಿಂತು ನೋಡಿದೆ.

ದೀಪ ಹತ್ತಿತು, ಒತ್ತಿದಳು. ಹತ್ತಿತು, ಒತ್ತಿದಳು. ಮತ್ತೆ ಹತ್ತಿತು. ಅವಳ ಕೈ ಅಲ್ಲಾಡಲಿಲ್ಲ. ಕಣ್ಣು ತೆರೆದೇ ಇತ್ತು, ದೀಪವನ್ನೇ ನೋಡುತ್ತಿತ್ತು. ದೀಪ ಆರಿತು, ಹತ್ತಿತು, ಆರಿತು. ಅವಳು ಕೂತೇ ಇದ್ದಳು, ಬೆನ್ನು ನೆಟ್ಟಗೆ, ಬಸ್ಸಿನಲ್ಲಿ ಕೂತ ಹಾಗೆ. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಒತ್ತತೊಡಗಿದಳು.

ಮಾರ್ಕೆಟ್ಟಿನ ತಿರುವಿನಲ್ಲಿ ಏನಾಯಿತು ಎನ್ನುವುದನ್ನು ನಾನು ಕಣ್ಣಾರೆ ನೋಡಿದಂತಾಯಿತು.

ಹೊರಗೆ ಬಂದವಳನ್ನು ಡಾಕ್ಟರು ಕೇಳಿದರು, "ಎಷ್ಟು ತಪ್ಪಿತು ಅನ್ಸುತ್ತೆ?"

"ಒಂದೂ ತಪ್ಪಿಲ್ಲ," ಎಂದಳು ಅತ್ತಿಗೆ. "ಹತ್ತಿದ್ದಕ್ಕೆಲ್ಲ ಒತ್ತಿದ್ನಲ್ಲ."

ಅವಳು ನನ್ನ ಮುಖ ನೋಡಿದಳು. ನೋಡಿದವಳಿಗೆ ಗೊತ್ತಾಯಿತು.

ಪಕ್ಕದ ಕೋಣೆಯಲ್ಲಿ ಅಣ್ಣ ಒಂದನ್ನೂ ಬಿಡದೆ ಒತ್ತಿ, ಇಷ್ಟೇನಾ ಎಂದು ಕೇಳುತ್ತಿದ್ದ. ಅವನ ರಕ್ತದಲ್ಲಿ ಮಾತ್ರೆ ಕರಗಿಹೋಗಿತ್ತು. ಅವಳದರಲ್ಲಿ ಇನ್ನೂ ನಿಂತಿತ್ತು. ಡಾಕ್ಟರು ಎರಡನ್ನೂ ವಿವರಿಸಿ ಹೇಳಿದ ಮೇಲೆ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಆ ಸಂಜೆ ಊಟದ ಹೊತ್ತಿಗೆ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವನಿಗೆ ಇರಲಿಲ್ಲ. ಅತ್ತಿಗೆ ಅವನ ಪಕ್ಕ ಹೋಗಿ ಕೂತಳು. ಭುಜ ಮುಟ್ಟಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ವರದಿ ಔಷಧ ನಿಯಂತ್ರಣದ ಕಚೇರಿಗೆ ಹೋದಾಗ ಮಾತ್ರೆಯ ಕಂಪನಿಯವರು ಒಂದೇ ಸಾಲಿನ ಉತ್ತರ ಕೊಟ್ಟರು. ಒಬ್ಬ ಹೆಂಗಸಿನ ಮೈ ಹಾಗಿರಬಹುದು, ಅದು ಅಪರೂಪದ ಸಂಗತಿ, ಮಾತ್ರೆಯ ದೋಷವಲ್ಲ.

"ಇನ್ನೂ ಕೆಲವು ಹೆಂಗಸರು ಬೇಕು," ಎಂದರು ಡಾಕ್ಟರು. "ಈ ಮಾತ್ರೆ ತಗೊಳ್ಳೋರು, ಪರೀಕ್ಷೆಗೆ ಒಪ್ಪೋರು."

ಯಾರು ಬರುತ್ತಾರೆ? ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ ಎನ್ನುವ ಭಯ ಎಲ್ಲರಿಗೂ ಇತ್ತು. ಗೇರಕ್ಕನಿಗೆ ಏನಾಯಿತೆಂದು ಎಲ್ಲರೂ ನೋಡಿದ್ದರು. ನನ್ನ ಗಿರಾಕಿಗಳಲ್ಲೇ ಇಬ್ಬರು ಅಳತೆ ಕೊಡುವಾಗ ಮೆಲ್ಲಗೆ ಹೇಳಿದರು, ನಮಗೂ ಬೆಳಿಗ್ಗೆ ಹಾಗೇ ಆಗುತ್ತೆ ಎಂದು. ನಮ್ಮ ಹೆಸರು ಮಾತ್ರ ಹೇಳಬೇಡ ಎಂದೂ ಹೇಳಿದರು.

ಅತ್ತಿಗೆಯ ಮನಸ್ಸು ಆ ಲೆಕ್ಕಾಚಾರದಲ್ಲಿ ಇರಲಿಲ್ಲ. ಅವಳಿಗೆ ಬೀಗದವನ ಹೆಂಡತಿಯನ್ನು ನೋಡಬೇಕಿತ್ತು. ಹೋಗಬೇಡ, ಕೇಸಿಗೆ ತೊಂದರೆಯಾಗುತ್ತದೆ ಎಂದು ಅಣ್ಣ ಹೇಳಿದ. ಅವಳು ಕೇಳಲಿಲ್ಲ. ನಾನು ಜೊತೆಗೆ ಹೋದೆ.

ಇಕ್ಕಟ್ಟಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಬಾಗಿಲಿಗೆ ಮೂರು ನಮೂನೆಯ ಬೀಗಗಳಿದ್ದವು, ಎಲ್ಲ ಅವನೇ ಕೂರಿಸಿದ್ದು. ಬಾಗಿಲು ತೆಗೆದ ಹೆಂಗಸು ನಮಗಿಂತ ಚಿಕ್ಕವಳು. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಅತ್ತಿಗೆಯನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಯಾಕೆ ಬಂದ್ರಿ?"

"ಹೇಳೋಕೆ ನನ್ನ ಹತ್ರ ಏನೂ ಇಲ್ಲಮ್ಮ," ಎಂದಳು ಅತ್ತಿಗೆ. "ನಿಮ್ಮ ಕಣ್ಣಿಗೆ ಬೀಳದೆ ಓಡಾಡೋದು ನಂಗೆ ಆಗ್ಲಿಲ್ಲ."

ಅವಳು ಒಳಗೆ ಬನ್ನಿ ಎನ್ನಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಹೊಸ್ತಿಲ ಆಚೆ ಈಚೆ ನಿಂತೇ ಮಾತಾಡಿದರು. ಗಂಡ ಹೋದ ಮೇಲೆ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದಾಳಂತೆ, ಹೋಟೆಲುಗಳ ಚಾದರಗಳನ್ನು ಬಿಸಿ ಉರುಳೆಗೆ ಕೊಟ್ಟು ಇಸ್ತ್ರಿ ಮಾಡುವ ಕೆಲಸ. ಕೈಗೆ ಏನಾಯಿತು ಎಂದು ನಾನು ಕೇಳಿದೆ.

"ಸುಟ್ಕೊಂಡೆ. ಬೆಳಿಗ್ಗೆ ಪಾಳಿ. ಉರುಳೆಗೆ ಕೈ ತಾಗಿದ್ದೇ ಗೊತ್ತಾಗ್ಲಿಲ್ಲ, ಪಕ್ಕದವಳು ಕೂಗಿ ಎಳೆದ ಮೇಲೆ ನೋಡಿದೆ."

ಅತ್ತಿಗೆಯ ಕಣ್ಣು ಹೆಂಗಸಿನ ಭುಜದ ಆಚೆ, ಗೋಡೆಯ ಹಲಗೆಯ ಮೇಲೆ ನೆಟ್ಟಿತ್ತು. ನೀರಿನ ಲೋಟದ ಪಕ್ಕ ಆ ಪಟ್ಟಿ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದೇ, ಅದೇ ಬಣ್ಣ, ಅದೇ ಅಕ್ಷರ.

"ಅದನ್ನ ಯಾರು ಕೊಟ್ರು?"

"ಅವರು ಹೋದ ಮೇಲೆ ನಿದ್ದೆ ಬರ್ತಿರ್ಲಿಲ್ಲ," ಎಂದಳು ಬೀಗದವನ ಹೆಂಡತಿ. "ಡಾಕ್ಟರು ಬರ್ಕೊಟ್ರು."

ಅತ್ತಿಗೆ ಹೊಸ್ತಿಲಲ್ಲೇ ಕೂತಳು. ಅದೇ ಮಾತ್ರೆ ಎಂದು ನಾನೇ ಹೇಳಿದೆ, ಆಸ್ಪತ್ರೆಯ ಡಾಕ್ಟರು ಹೇಳಿದ್ದೆಲ್ಲವನ್ನೂ, ದೀಪ ಮತ್ತು ಗುಂಡಿಯ ವಿಷಯವನ್ನೂ. ಅವಳು ಕೇಳುತ್ತ ಕೇಳುತ್ತ ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಅವಳ ಮುಖ ಗಟ್ಟಿಯಾಯಿತು.

"ನಿಮ್ಮ ಕೇಸಿಗೆ ನನ್ನನ್ನ ಬಳಸ್ಕೊಳ್ಳೋಕೆ ಬಂದ್ರಾ?"

"ಅಲ್ಲ," ಎಂದಳು ಅತ್ತಿಗೆ. "ಆ ಮಾತ್ರೆ ತಗೋಬೇಡಿ. ಅಷ್ಟೆ. ನನ್ನನ್ನ ಏನು ಬೇಕಾದ್ರೂ ಮಾಡ್ಲಿ. ನೀವು ನಾಳೆ ಅದನ್ನ ತಗೊಂಡು ಆ ಉರುಳೆ ಮುಂದೆ ನಿಲ್ಲಬೇಡಿ."

ಬಾಗಿಲು ಮುಚ್ಚಿತು. ಬೀಗಗಳು ಒಂದೊಂದಾಗಿ ಬಿದ್ದವು.

ಕೆಲವು ದಿನಗಳಾದ ಮೇಲೆ ನಾವು ಪ್ರಯೋಗಶಾಲೆಗೆ ಹೋದಾಗ ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಅತ್ತಿಗೆಯನ್ನು ಕಂಡು ಎದ್ದು ನಿಂತಳು.

"ನಿಮ್ಮನ್ನ ಕ್ಷಮಿಸೋಕೆ ಬಂದಿಲ್ಲ," ಎಂದಳು. "ಅದು ನನ್ನ ಕೈಲಿ ಆಗಲ್ಲ. ನನ್ನ ಕೈ ಹೇಗೆ ಸುಟ್ಟಿತು ಅಂತ ತಿಳ್ಕೋಬೇಕು. ಅವರು ಹೇಗೆ ಹೋದ್ರು ಅಂತಾನೂ ತಿಳ್ಕೋಬೇಕು."

ಅವಳ ರಕ್ತದಲ್ಲೂ ಮಾತ್ರೆ ಬೆಳಿಗ್ಗೆಯವರೆಗೆ ಉಳಿದಿತ್ತು, ಅತ್ತಿಗೆಯದಕ್ಕಿಂತ ಹೆಚ್ಚೇ. ಸತ್ತವನ ಹೆಂಡತಿಯೇ ಪರೀಕ್ಷೆಗೆ ಕೂತಳು ಎಂಬ ಸುದ್ದಿ ಹಬ್ಬಿದ ಮೇಲೆ ಬೇರೆಯವರ ಬಾಯಿ ಬಿಚ್ಚಿತು. ಅಳತೆ ಕೊಡುವಾಗ ಪಿಸುಗುಟ್ಟಿದ ಆ ಇಬ್ಬರೂ ಬಂದರು. ಒಬ್ಬ ಶಾಲೆಯ ಟೀಚರು ಬಂದರು. ಆಸ್ಪತ್ರೆಯದೇ ಒಬ್ಬ ನರ್ಸು, ತಾನು ಬೆಳಗಿನ ಪಾಳಿಯಲ್ಲಿ ರೋಗಿಗಳಿಗೆ ಇಂಜೆಕ್ಷನ್ ಕೊಡುತ್ತೇನೆ ಎಂದು ಹೇಳಿ ಅಳುತ್ತ ಕೂತಳು. ಎಲ್ಲರ ಮೈಯೂ ಒಂದೇ ಥರ ಇರಲಿಲ್ಲ. ಕೆಲವರಲ್ಲಿ ಮಾತ್ರೆ ಬೇಗ ಕರಗಿತ್ತು. ಬಹಳ ಜನರಲ್ಲಿ ಕರಗಿರಲಿಲ್ಲ.

ಒಂದು ವರ್ಷದ ಮೇಲೆ ಆದೇಶ ಬಂತು. ಹೆಂಗಸರಿಗೆ ಅರ್ಧ ಮಾತ್ರೆ. ಪೆಟ್ಟಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದರು. ಆ ಒಂದು ವರ್ಷವೂ ಅಂಗಡಿಗಳಲ್ಲಿ ಹಳೆಯದೇ ಮಾರಾಟವಾಯಿತು. ಆ ವರ್ಷ ಎಷ್ಟು ಬೆಳಿಗ್ಗೆಗಳಲ್ಲಿ ಎಷ್ಟು ಜನ ಕಣ್ಣು ತೆರೆದುಕೊಂಡೇ ಅಲ್ಲಿ ಇಲ್ಲದೇ ಹೋಗಿದ್ದರೋ, ಅದನ್ನು ಯಾರೂ ಹುಡುಕಲು ಹೋಗಲಿಲ್ಲ.

ಅತ್ತಿಗೆಯ ಮೇಲಿನ ಆರೋಪ ಬಿದ್ದುಹೋಯಿತು. ಡಿಪೋದವರು ಕರೆದು, ಬೇಕಾದರೆ ಮತ್ತೆ ಬಸ್ ತೆಗೆದುಕೋ ಎಂದರು. ಅವಳು ಬೇಡವೆಂದಳು. ಈಗ ಅಲ್ಲಿಯೇ ಹೊಸ ಡ್ರೈವರುಗಳಿಗೆ ತರಬೇತಿ ಕೊಡುತ್ತಾಳೆ, ಅಂಗಳದಲ್ಲಿ ನಿಂತು, ಸ್ಟೇರಿಂಗ್ ಮುಟ್ಟದೆ. ಬೀಗದವನ ಹೆಂಡತಿ ಲಾಂಡ್ರಿ ಬಿಟ್ಟು ಬೇರೆ ಊರಿಗೆ ಹೋದಳು. ಹೋಗುವಾಗ ಹೇಳಿಹೋಗಲಿಲ್ಲ. ಹೇಳಿಹೋಗಬೇಕೆಂದು ನಾವೂ ಬಯಸಲಿಲ್ಲ.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಅತ್ತಿಗೆ ಡಾಕ್ಟರನ್ನು ಒಂದು ಮಾತು ಕೇಳಿದಳು. ನನಗೆ ರಕ್ತದೊತ್ತಡ ಇತ್ತು, ದಿನಾ ಮಾತ್ರೆ ಬೇಕಾಗಿತ್ತು. ಅವಳಿಗೆ ಮೂಳೆ ನೋವಿಗೆ ಹೊಸದಾಗಿ ಒಂದು ಶುರುವಾಗಿತ್ತು. ಎರಡನ್ನೂ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಇವು?"

ಡಾಕ್ಟರು ಕೈಗೆತ್ತಿಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿದರು.

"ಒಂದನ್ನ ನೋಡಿದ್ದಾರೆ," ಎಂದರು. "ಇನ್ನೊಂದು ನಂಗೆ ಗೊತ್ತಿಲ್ಲ."

ಯಾವುದು ನೋಡಿದ್ದು ಎಂದು ಅತ್ತಿಗೆ ಕೇಳಿದಳು. ಅವಳದ್ದು ಎಂದರು ಡಾಕ್ಟರು. ನನ್ನದನ್ನು ಮೆತ್ತಗೆ ನನ್ನ ಕಡೆ ಸರಿಸಿ, "ನಿಲ್ಲಿಸಬೇಡಿ, ನಿಲ್ಲಿಸಿದ್ರೆ ಅಪಾಯ. ಆದ್ರೆ ಬೆಳಿಗ್ಗೆ ಹೊತ್ತು ಏನಾದ್ರೂ ಬೇರೆ ಥರ ಅನ್ಸಿದ್ರೆ ಬಂದು ಹೇಳಿ," ಎಂದರು.

ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಅತ್ತಿಗೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ನಾನು ಸೂಜಿಗೆ ದಾರ ಪೋಣಿಸುವವರೆಗೆ ನೋಡುತ್ತಾಳೆ. ಒಂದೇ ಸಲಕ್ಕೆ ಪೋಣಿಸಿದರೆ ಒಳಗೆ ಹೋಗುತ್ತಾಳೆ. ಇತ್ತೀಚೆಗೆ ಕೆಲವು ದಿನ ಒಂದೇ ಸಲಕ್ಕೆ ಆಗುತ್ತಿಲ್ಲ. ಕಣ್ಣು ಮಂಜಾಗಿದೆ, ವಯಸ್ಸಾಯಿತು ಎನ್ನುತ್ತೇನೆ ನಾನು. ಅವಳು ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿರುತ್ತಾಳೆ.